ಮದ್ದಿನ ರಹದಾರಿ

ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆಯನ್ನು ನಮ್ಮ ಹಳ್ಳಿಗಾಡಿನಲ್ಲಿ ಕಾಯಿಲೆಯೆಂದು ಲೆಕ್ಕಕ್ಕೆ ಹಿಡಿದದ್ದೇ ಕಡಿಮೆ. ಒಳಗಿನ ಉಷ್ಣ ಹೊರಬಿತ್ತು ಎಂದುಕೊಂಡು ತುಪ್ಪವನ್ನೋ ಬೆಣ್ಣೆಯನ್ನೋ ಸವರಿ ಬಿಡುತ್ತಿದ್ದರು; ವಾರ ಹತ್ತು ದಿನದಲ್ಲಿ ಅದು ತಾನಾಗಿ ಒಣಗುತ್ತಿತ್ತು. ಈಗ ಅದೇ ಗುಳ್ಳೆಗೆ ವೈದ್ಯರು ಅಸೈಕ್ಲೊವಿರ್ ಬರೆಯುತ್ತಾರೆ. ಆ ಮಾತ್ರೆಯ ಸ್ಟ್ರಿಪ್ಪು, ಐದು ಗ್ರಾಮಿನ ಮುಲಾಮಿನ ಟ್ಯೂಬು ಆಂಧ್ರದ ಗಡಿಯಂಚಿನ ರಾಯದುರ್ಗದಿಂದಲೋ ಮಡಕಶಿರಾದಿಂದಲೋ ಹೊರಟು ಬೆಂಗಳೂರಿನಲ್ಲಿ ವಿಮಾನ ಹತ್ತುವವರ ಚೀಲದಲ್ಲಿ ಸೇರಿಕೊಳ್ಳುತ್ತವೆ. ಹೊರಡುವಾಗ ಮನೆಯವರೆಲ್ಲ 'ಮಾತ್ರೆ ಇಟ್ಕೊಂಡ್ಯಾ?' ಎಂದು ಕೇಳುತ್ತಾರೆ, 'ಚೀಟಿ ಇಟ್ಕೊಂಡ್ಯಾ?' ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದು ಔಷಧದ ಚರಿತ್ರೆಗಿಂತ ಹೆಚ್ಚಾಗಿ ಗಡಿಗಳ ಚರಿತ್ರೆ. ವೈದ್ಯರ ಚೀಟಿಯನ್ನು ಸರ್ಕಾರ ಕಡ್ಡಾಯ ಮಾಡಿದ್ದು ಮದ್ದು ಹೊತ್ತು ತಿರುಗುವವನ ಮೇಲಿನ ಅನುಮಾನದಿಂದ, ಆದರೆ ಕಾಲ ಕಳೆದಂತೆ ಅದೇ ಕಾಗದ ಪ್ರಯಾಣಿಕನ ಪರವಾಗಿ ಮಾತಾಡುವ ಸಾಕ್ಷಿಯಾಯಿತು ಎಂಬುದು ನನ್ನ ವಾದ. ಗಡಿನಾಡಿನ ನಮ್ಮ ನೆನಪಿನಲ್ಲಿ ಮೊದಲರ್ಧ ಮಾತ್ರ ಉಳಿದಿದೆ. ಅದಕ್ಕೇ ಚೀಟಿಯೆಂದರೆ ಇಂದಿಗೂ ಉದಾಸೀನ.

ಗಡಿಯ ವಿಷಯವನ್ನೇ ಮೊದಲು ನೋಡೋಣ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ರಾಯದುರ್ಗ, ಮಡಕಶಿರಾ ಎರಡೂ ದತ್ತ ಮಂಡಲವೆಂದು ಹೆಸರಾದ ಆ ಸೀಮೆಯ ಜೊತೆ ಮದ್ರಾಸಿಗೆ ಸೇರಿದವು. ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಬಂದು ಕಂದಾಯ ಗೊತ್ತುಮಾಡಿದ. ನಕಾಶೆಯಲ್ಲಿ ನೋಡಿದರೆ ಮಡಕಶಿರಾ ಮೈಸೂರು ಸಂಸ್ಥಾನದ ಒಳಕ್ಕೆ ಚಾಚಿಕೊಂಡ ಮದ್ರಾಸಿನ ನೆಲ; ಪಕ್ಕದ ಪಾವಗಡ ಮದ್ರಾಸಿನ ನೆಲದ ನಡುವೆ ಸಿಕ್ಕಿಕೊಂಡ ಮೈಸೂರಿನ ತಾಲ್ಲೂಕು. ಶಿರಾ, ಮಧುಗಿರಿ, ಪಾವಗಡದ ಸಂತೆಗೆ ಹೋಗಿಬರುವ ಮಡಕಶಿರಾದ ರೈತನಿಗೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಕಾಲಿಡುವುದು ವಾರದ ಕೆಲಸವಾಗಿತ್ತು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರಾ ಅತ್ತ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ದೊಡ್ಡಾಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ ರೈಲು ಹತ್ತಿ ಬಳ್ಳಾರಿಗೆ ಹೋಗುತ್ತಿದ್ದ ರಾಯದುರ್ಗದವರಿಗೆ ಬಳ್ಳಾರಿ ಒಂದೇ ದಿನದಲ್ಲಿ ಹೊರರಾಜ್ಯವಾಯಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಮತ್ತೊಮ್ಮೆ ಜಿಲ್ಲೆ ಬದಲಿಸಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಷ್ಟು ಸಲ ಗೆರೆ ಕದಲಿದ ಊರಿನವರಿಗೆ ಗಡಿಯಲ್ಲಿ ಕಾಗದ ತೋರಿಸುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಮದ್ದಿಗೆ ಕಾಗದ ತೋರಿಸುವ ಪದ್ಧತಿ ಹಳೆಯದಲ್ಲ. 1844ರವರೆಗೆ ಮದ್ರಾಸ್ ಪ್ರಾಂತ್ಯದ ಒಳಗೇ ಸುಂಕದ ಕಟ್ಟೆಗಳಿದ್ದವು. ಅಲ್ಲಿ ಕೇಳುತ್ತಿದ್ದುದು ಸರಕಿನ ಸುಂಕವನ್ನು. ಮೂಟೆಯಲ್ಲಿ ಅಳಲೆಕಾಯಿ ಇರಲಿ, ಇಂಗು ಇರಲಿ, ಅದು ಯಾರ ಯಾವ ಕಾಯಿಲೆಗೆ ಎಂಬುದು ಸುಂಕದವನಿಗೆ ಬೇಕಿರಲಿಲ್ಲ. ನಾಟಿವೈದ್ಯರ ಮದ್ದಿಗಂತೂ ಬರಹದ ಗೊಡವೆಯೇ ಇಲ್ಲ. ತುಟಿಯ ಗುಳ್ಳೆಯ ಹತ್ತಿರದ ನಂಟು ಸರ್ಪಸುತ್ತಿನದು; ಎರಡೂ ಒಂದೇ ವೈರಾಣು ಕುಟುಂಬದ ಉಪದ್ರವಗಳು. ಸರ್ಪಸುತ್ತಿಗೆ ಕೆಮ್ಮಣ್ಣು ಕಲಸಿ ಬಳಿದು, ಮಂತ್ರ ಹಾಕಿ, ಪಥ್ಯ ಹೇಳುವ ಮನೆತನಗಳು ಕನ್ನಡನಾಡಿನ ಉದ್ದಗಲಕ್ಕೂ ಇದ್ದವು, ಇನ್ನೂ ಇವೆ. ಅಲ್ಲಿ ನಂಬಿಕೆಗೆ ಆಧಾರ ಮನುಷ್ಯನೇ: ಇಂಥವರ ಮನೆಯ ಕೈಗುಣ ಎಂಬ ಮಾತು ಸಾಕು. ಮದ್ದು ರೋಗಿಯ ಊರು ದಾಟಿ ದೂರ ಹೋಗುತ್ತಿರಲಿಲ್ಲ. ಹೋದರೂ ಅದು ಯಾರದು, ಯಾತಕ್ಕೆ ಎಂದು ಕೇಳಿದರೆ ಗುರುತು ಹೇಳುವ ಯಾರಾದರೊಬ್ಬರು ದಾರಿಯಲ್ಲಿ ಸಿಗುತ್ತಿದ್ದರು. ಕಂಪನಿ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂದ ಮೇಲೂ ಎಲ್ಲ ಔಷಧಕ್ಕೂ ಚೀಟಿ ಕೇಳುವ ಯೋಚನೆ ಆಳುವವರಿಗೆ ಇರಲಿಲ್ಲ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಪುಡಿಯನ್ನು ಬ್ರಿಟಿಷ್ ಭಾರತದ ಅಂಚೆ ಕಚೇರಿಗಳಲ್ಲೇ ಪೊಟ್ಟಣ ಕಟ್ಟಿ ಮಾರುತ್ತಿದ್ದರು. ಕಾಸು ಕೊಟ್ಟವನಿಗೆ ಪೊಟ್ಟಣ ಸಿಗುತ್ತಿತ್ತು; ವೈದ್ಯನ ಸಹಿ ಬೇಕಿರಲಿಲ್ಲ. ನನ್ನ ವಾದಕ್ಕೆ ಇದು ಮುಖ್ಯವಾದ ಪುರಾವೆ: ರೋಗ ವಾಸಿಮಾಡುವ ವಸ್ತು ಎಂಬ ಕಾರಣಕ್ಕೆ ಯಾವ ಮದ್ದನ್ನೂ ಆಗ ಕಾಗದಕ್ಕೆ ಕಟ್ಟಿಹಾಕಿರಲಿಲ್ಲ.

ಪ್ರಯಾಣಿಕನ ಮೈಗೂ ಕಾಗದಕ್ಕೂ ಮೊದಲು ಗಂಟು ಬಿದ್ದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಸರ್ಕಾರ ರೈಲಿನಿಂದ ಜನರನ್ನು ಇಳಿಸಿ ತಪಾಸಣೆ ಮಾಡಿತು. ಮದ್ರಾಸ್ ಪ್ರಾಂತ್ಯ ಒಂದು ಹೆಜ್ಜೆ ಮುಂದೆ ಹೋಗಿ ಪ್ಲೇಗ್ ಪಾಸ್‌ಪೋರ್ಟ್ ತಂದಿತು. ರೋಗವಿರುವ ಕಡೆಯಿಂದ ಬಂದವನು ತಾನು ಹೋಗುವ ಊರು, ಇಳಿಯುವ ಮನೆ ಬರೆಸಿ ಆ ಕಾಗದ ಪಡೆಯಬೇಕು. ಊರು ಸೇರಿದ ಮೇಲೆ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಿ ಹಾಕಬೇಕು. ಮೈಸೂರು ಸೀಮೆಯ ಕಡೆಗೇ ನೆಂಟಸ್ತಿಕೆ, ವ್ಯಾಪಾರ ಎಲ್ಲ ಇದ್ದ ಮಡಕಶಿರಾದಂಥ ತಾಲ್ಲೂಕಿಗೆ ಈ ನಿಯಮ ಎಷ್ಟು ಭಾರವಾಗಿದ್ದಿರಬೇಕು ಎಂಬುದನ್ನು ನಕಾಶೆಯೇ ಹೇಳುತ್ತದೆ. ಆ ಕಾಗದ ರೋಗಿಗೆ ಆರೈಕೆ ತರಲಿಲ್ಲ. ಅವನ ಮೇಲೆ ಕಣ್ಣಿಡಲು ಮಾಡಿದ್ದು ಅದು, ಜನ ಅದನ್ನು ಹಾಗೆಯೇ ಅರ್ಥಮಾಡಿಕೊಂಡರು.

ಮದ್ದಿನ ಮೇಲೆ ಕಣ್ಣು ಬಿದ್ದದ್ದು ಅಫೀಮು ಮತ್ತು ಮದ್ಯದ ದಾರಿಯಿಂದ. 1878ರ ಅಫೀಮು ಕಾಯ್ದೆ ಲೈಸೆನ್ಸ್ ಇಲ್ಲದೆ ಅಫೀಮು ಇಟ್ಟುಕೊಳ್ಳುವುದನ್ನು, ಸಾಗಿಸುವುದನ್ನು ತಡೆಯಿತು. ಅದರ ಹಿಂದಿದ್ದ ಮುಖ್ಯ ಕಾಳಜಿ ಬೊಕ್ಕಸದ್ದು. ಭೇದಿಗೂ ನೋವಿಗೂ ಅದೇ ಅಫೀಮು ಮನೆಮದ್ದಾಗಿತ್ತು ಎಂಬುದು ಕಾನೂನಿಗೆ ತೊಡಕಾಯಿತು. 1912ರ ಹೇಗ್ ಒಪ್ಪಂದದ ನಂತರ ಇದು ಲೋಕದ ಸರ್ಕಾರಗಳೆಲ್ಲದರ ಚಿಂತೆಯಾಗಿ, ಇಲ್ಲಿ 1930ರಲ್ಲಿ ಅಪಾಯಕಾರಿ ಮಾದಕ ವಸ್ತುಗಳ ಕಾಯ್ದೆ ಬಂತು. ಕುಡಿತದ ವಿಷಯದಲ್ಲಿ ಮದ್ರಾಸ್ 1937ರಲ್ಲೇ ಪಾನನಿಷೇಧದ ಕಾಯ್ದೆ ಮಾಡಿ, 1948ರ ಹೊತ್ತಿಗೆ ಅದನ್ನು ಪ್ರಾಂತ್ಯಕ್ಕೆಲ್ಲ ಹಬ್ಬಿಸಿತು. ಆಗ ಪೊಲೀಸರ ಗಮನ ಹೋದದ್ದು ಔಷಧದ ಬಾಟಲಿಗಳ ಕಡೆಗೆ. ಆಸವ, ಅರಿಷ್ಟಗಳಲ್ಲಿ ಹುಳಿಬಂದು ಹುಟ್ಟುವ ಮದ್ಯಸಾರ ಸಹಜವಾಗಿಯೇ ಇರುತ್ತದೆ. ಟಿಂಕ್ಚರುಗಳಲ್ಲಿ ಅದನ್ನು ಬೆರೆಸಿರುತ್ತಾರೆ. ಹೊಟ್ಟೆನೋವಿನ ಶುಂಠಿ ಟಿಂಕ್ಚರನ್ನು ಕುಡಿತಕ್ಕೆ ಬಳಸಿದವರೂ ಇದ್ದರು. ಪರಿಣಾಮವಾಗಿ, ಬಾಣಂತಿಗೆ ದಶಮೂಲಾರಿಷ್ಟ ಒಯ್ಯುವವನೂ ಕಳ್ಳಸಾಗಣೆಯವನೂ ಒಂದೇ ಬಾಟಲಿ ಹಿಡಿದು ನಿಂತಂತೆ ಕಂಡರು. 1955ರಲ್ಲಿ ಕೇಂದ್ರ ಸರ್ಕಾರ ಮದ್ಯಸಾರವುಳ್ಳ ಔಷಧ ಮತ್ತು ಶೃಂಗಾರ ಸಾಮಗ್ರಿಗಳ ಅಬಕಾರಿ ಸುಂಕಕ್ಕೆಂದೇ ಬೇರೆ ಕಾಯ್ದೆ ಮಾಡಬೇಕಾಯಿತು. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ತೋರಿಸಲು ವೈದ್ಯನ ಬರಹವೊಂದೇ ದಾರಿಯಾಗಿತ್ತು. ಅನುಮಾನದ ಕಾಗದ ರಕ್ಷಣೆಯ ಕಾಗದವಾಗಿ ತಿರುಗಿದ್ದು ಇಲ್ಲಿಂದ.

ಇದರ ನಡುವೆ ಇನ್ನೊಂದು ಎಳೆ ಸೇರಿತು. ಕಲಬೆರಕೆ ಔಷಧಗಳ ಹಾವಳಿ ವಿಚಾರಿಸಲು 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿ, 1931ರಲ್ಲಿ ವರದಿ ಕೊಟ್ಟಿತು. ಅದರ ಫಲ 1940ರ ಔಷಧ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯನ್ನು ನಾವು ಇಂದು ಶೆಡ್ಯೂಲ್ ಎಚ್ ಎನ್ನುತ್ತೇವೆ. ಚೀಟಿ ಹೇಗಿರಬೇಕೆಂದು 65ನೇ ನಿಯಮ ಹೇಳುತ್ತದೆ: ಬರಹದಲ್ಲಿರಬೇಕು, ವೈದ್ಯರ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಎಷ್ಟು ಔಷಧ, ಯಾವ ಪ್ರಮಾಣದಲ್ಲಿ ಎಂಬುದಿರಬೇಕು. ಮಾತ್ರೆಯ ಸ್ಟ್ರಿಪ್ಪನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದು ಅಂಚಿಗೆ ಉದ್ದಕ್ಕೂ ಕೆಂಪು ಗೆರೆ, ಮೂಲೆಯಲ್ಲಿ ಆರ್‌ಎಕ್ಸ್ ಗುರುತು, ನಡುವೆ ಔಷಧದ ಹೆಸರು ಮತ್ತು ಮಿಲಿಗ್ರಾಂ. ಬ್ಯಾಚ್ ನಂಬರು, ತಯಾರಾದ ಹಾಗೂ ಮುಗಿಯುವ ತಿಂಗಳು ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಒತ್ತಿರುತ್ತವೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ನಾಲ್ಕು ಮಾತ್ರೆ ಕೇಳಿದರೆ ಕತ್ತರಿಯಿಂದ ನಾಲ್ಕೇ ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಪೆನ್ನಿನಲ್ಲಿ ಗೀಟು ಎಳೆದು ಕೊಡುತ್ತಾರೆ. ಬಡವನಿಗೆ ಇದು ಉಪಕಾರವೇ. ಆದರೆ ಆ ನಾಲ್ಕು ಮಾತ್ರೆಗಳ ಮೇಲೆ ಅರ್ಧ ಹೆಸರು ಉಳಿದಿರುತ್ತದೆ, ತಾರೀಖು ಅಂಗಡಿಯ ತುಂಡಿನಲ್ಲೇ ಉಳಿಯುತ್ತದೆ. ಊರಲ್ಲಿ ನುಂಗುವವರೆಗೆ ಚಿಂತೆಯಿಲ್ಲ. ವಿದೇಶದ ಕಸ್ಟಮ್ಸ್ ಮೇಜಿನ ಮೇಲೆ ಇಟ್ಟಾಗ ಅದು ಹೆಸರಿಲ್ಲದ ಬಿಳಿ ಮಾತ್ರೆ.

ಅಸೈಕ್ಲೊವಿರ್ ಈ ಕಥೆಗೆ ತಡವಾಗಿ ಬಂದದ್ದು. ಬರೋಸ್ ವೆಲ್ಕಮ್ ಕಂಪನಿಯ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ಔಷಧಕ್ಕೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 1982ರಲ್ಲಿ, ಮುಲಾಮಿನ ರೂಪದಲ್ಲಿ. ಅದರ ಹಿಂದಿನ ಸಂಶೋಧನೆಗೆ ದಾರಿ ತೋರಿದ ಗೆರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಹಂಚಿಕೊಂಡರು. ವೈರಾಣು ಹೊಕ್ಕ ಜೀವಕೋಶದೊಳಗೆ ಮಾತ್ರ, ಆ ವೈರಾಣುವಿನದೇ ಕಿಣ್ವದಿಂದ ಚುರುಕುಗೊಂಡು ಅದರ ಸಂತಾನವನ್ನು ತಡೆಯುವುದು ಇದರ ಗುಣ. ಆದ್ದರಿಂದ ಉಳಿದ ಮೈಗೆ ಹಾನಿ ಕಡಿಮೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧದ ವಸ್ತುವಿಗೇ ಪೇಟೆಂಟ್ ಕೊಡದಿದ್ದುದರಿಂದ ಭಾರತದ ಕಂಪನಿಗಳು ಇದನ್ನು ತಾವೇ ತಯಾರಿಸಿದವು, ಬೆಲೆ ಕೈಗೆಟುಕಿತು, ತಾಲ್ಲೂಕಿನ ಅಂಗಡಿಗೂ ಬಂತು. ಪ್ರಯಾಣಕ್ಕೂ ಈ ಕಾಯಿಲೆಗೂ ಇರುವ ನಂಟನ್ನೂ ಹೇಳಬೇಕು. ತುಟಿಗುಳ್ಳೆಯ ವೈರಾಣು ಒಮ್ಮೆ ಮೈಸೇರಿದರೆ ಹೋಗುವುದಿಲ್ಲ. ಮುಖದ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಜ್ವರ, ನಿದ್ದೆಗೇಡು, ಬಿಸಿಲು, ದಣಿವು, ಮನಸ್ಸಿನ ಒತ್ತಡ ಅದನ್ನು ಎಬ್ಬಿಸುತ್ತವೆ. ರಾತ್ರಿಯ ಬಸ್ಸು ಹಿಡಿದು ಬೆಂಗಳೂರಿಗೆ ಬಂದು, ವೀಸಾದ ಆತಂಕದಲ್ಲಿ ವಿಮಾನ ಹತ್ತಿ, ನಿದ್ದೆಯಿಲ್ಲದೆ ಮರುಭೂಮಿಯ ಬಿಸಿಲಿಗೆ ಇಳಿಯುವವನಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ತುಟಿ ಚುರುಗುಟ್ಟಿದ ಮೊದಲ ಗಂಟೆಗಳಲ್ಲೇ ಔಷಧ ಶುರುಮಾಡಿದರೆ ಮಾತ್ರ ಹೆಚ್ಚು ಪ್ರಯೋಜನ. ಹಾಗಾಗಿ ಇದು ಸರಕಿನ ಪೆಟ್ಟಿಗೆಯಲ್ಲಿ ಹೋಗುವ ಮದ್ದಲ್ಲ, ಕೈಚೀಲದಲ್ಲೇ ಇರಬೇಕಾದ್ದು. ಕೈಚೀಲವೋ ತಪಾಸಣೆಯ ಎದುರು ತೆರೆದುಕೊಳ್ಳುವಂಥದು.

ಆ ತಪಾಸಣೆಯೂ ಇತ್ತೀಚೆಗೆ ಬಿಗಿಯಾದದ್ದು. 2006ರ ಆಗಸ್ಟಿನಲ್ಲಿ ದ್ರವ ಸ್ಫೋಟಕದಿಂದ ವಿಮಾನ ಉರುಳಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ, ದ್ರವ ಮತ್ತು ಮುಲಾಮಿಗೆ 100 ಮಿಲಿಲೀಟರಿನ ಮಿತಿ ಲೋಕವ್ಯಾಪಿಯಾಯಿತು; ಔಷಧಕ್ಕೆ ವಿನಾಯಿತಿಯುಂಟು, ಅದಕ್ಕೆ ಆಧಾರ ಮತ್ತೆ ಚೀಟಿಯೇ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ಮಡಕಶಿರಾ ಕಡೆಯವರಿಗೆ ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿನ ಊರೊಳಗೆ ಹೊಗದೆಯೇ ವಿಮಾನಕ್ಕೆ ಹೋಗುವ ದಾರಿಯಾಯಿತು. ಇಳಿಯುವ ದೇಶಗಳಲ್ಲಿ ಒಂದೊಂದರದೂ ಒಂದೊಂದು ಲೆಕ್ಕ. ಆಸ್ಟ್ರೇಲಿಯಾ ಮತ್ತು ಸಿಂಗಾಪುರ ಸ್ವಂತಕ್ಕೆ ಮೂರು ತಿಂಗಳಷ್ಟು ಔಷಧ ಒಯ್ಯಲು ಬಿಡುತ್ತವೆ. ಅಮೆರಿಕದಲ್ಲೂ ಸಾಮಾನ್ಯವಾಗಿ 90 ದಿನದ ಅಳತೆ, ಮೂಲ ಪ್ಯಾಕಿನಲ್ಲಿ, ಚೀಟಿಯೊಂದಿಗೆ. ಜಪಾನ್ ಇನ್ನೂ ಬಿಗಿ: ಚೀಟಿಯ ಔಷಧ ಒಂದು ತಿಂಗಳಿನದು, ಚೀಟಿ ಬೇಡದ ಹೊರಬಳಕೆಯ ಮುಲಾಮಾದರೆ ಒಂದು ಬಗೆಗೆ 24 ಟ್ಯೂಬು, ಮೀರಿದರೆ ಮೊದಲೇ ಅನುಮತಿ ಪತ್ರ ಬೇಕು. ಕೊಲ್ಲಿ ದೇಶಗಳಲ್ಲಿ ಕೊಡೀನ್ ಬೆರೆತ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆ ಅನುಮತಿಯಿಲ್ಲದೆ ಸಿಕ್ಕಿದರೆ ಜೈಲಿನವರೆಗೂ ಹೋಗಬಹುದು.

ಇಲ್ಲೇ ಮೊದಲ ಆಕ್ಷೇಪ ಎದ್ದುನಿಲ್ಲುತ್ತದೆ. ಅಸೈಕ್ಲೊವಿರ್ ಅಮಲಿನ ವಸ್ತುವಲ್ಲ. ಬ್ರಿಟನ್ನಿನಲ್ಲಿ ತುಟಿಗುಳ್ಳೆಯ ಅಸೈಕ್ಲೊವಿರ್ ಮುಲಾಮು 1993ರಿಂದ ಚೀಟಿಯಿಲ್ಲದೆ ಮಾರಾಟವಾಗುತ್ತಿದೆ. ಇಂಥ ನಿರಪಾಯದ ಮದ್ದಿಗೆ ಕಾಗದ ಹೊತ್ತುಕೊಂಡು ಹೋಗು ಎನ್ನುವುದು ಅತಿಯಲ್ಲವೇ? ವಾದದಲ್ಲಿ ತಿರುಳಿದೆ. ಅಫೀಮಿಗೆಂದು ನೇಯ್ದ ಬಲೆಯಲ್ಲಿ ಗುಳ್ಳೆಯ ಮುಲಾಮು ಸಿಕ್ಕಿಬೀಳುವುದು ನ್ಯಾಯವಲ್ಲ. ಆದರೆ ತಪಾಸಣೆ ಮಾಡುವವನ ಎದುರಿಗೆ ಇರುವುದು ಅಸೈಕ್ಲೊವಿರ್ ಅಲ್ಲ, ಅವನಿಗೆ ಗೊತ್ತಿಲ್ಲದ ಒಂದು ಮಾತ್ರೆ. ಅದು ಟ್ರಮಡಾಲ್ ಅಲ್ಲ ಎಂದು ಅವನಿಗೆ ಮನದಟ್ಟು ಮಾಡಿಕೊಡುವ ಹೊಣೆ ಮದ್ದು ಹೊತ್ತವನ ಮೇಲೆ ಬೀಳುತ್ತದೆ. ಭಾಷೆ ಬಾರದ ಕೂಲಿಕಾರನಿಗೋ ಮನೆಗೆಲಸಕ್ಕೆ ಹೋದ ಹೆಂಗಸಿಗೋ ಬಾಯಿಮಾತಿನಲ್ಲಿ ಅದು ಆಗದ ಕೆಲಸ. ಮದ್ದು ನಿರಪಾಯವಾದಷ್ಟೂ ಚೀಟಿಯ ಕೆಲಸ ಹಗುರ, ಅಷ್ಟೇ. 1985ರ ನಮ್ಮ ಮಾದಕ ವಸ್ತು ನಿಯಮಗಳೂ ಇದೇ ತರ್ಕವನ್ನು ಒಪ್ಪುತ್ತವೆ: ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧವನ್ನೂ ಸ್ವಂತ ಚಿಕಿತ್ಸೆಗೆ 100 ಮಾತ್ರೆಯವರೆಗೆ, ದೀರ್ಘಕಾಲಕ್ಕೆಂದು ವೈದ್ಯರು ಬರೆದಿದ್ದರೆ 300ರವರೆಗೆ ಇಟ್ಟುಕೊಳ್ಳಬಹುದು. ರೋಗಿಯನ್ನು ಸಾಗಣೆದಾರನಿಂದ ಬೇರೆ ಮಾಡುವುದು ಅಲ್ಲಿಯೂ ಆ ಬರಹವೇ.

ಎರಡನೆಯ ಆಕ್ಷೇಪವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ, ಅದು ನಾಚಿಕೆಯದು. ತುಟಿಗುಳ್ಳೆಯ ವೈರಾಣುವಿಗಿರುವ ಹರ್ಪಿಸ್ ಎಂಬ ಹೆಸರು ಕೇಳಿದೊಡನೆ ಗುಪ್ತರೋಗವೆಂದು ಬಗೆಯುವವರಿದ್ದಾರೆ. ಅದನ್ನು ಕಾಗದದಲ್ಲಿ ಬರೆಸಿ ಅಪರಿಚಿತರಿಗೆ ತೋರಿಸಲು ಯಾರಿಗಾದರೂ ಮುಜುಗರವೇ, ಮದುವೆಯಾಗದ ಹೆಣ್ಣುಮಗಳಿಗಂತೂ ಹೇಳುವುದೇ ಬೇಡ. ಈ ಅಳುಕನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಎರಡು ಸಂಗತಿ ತಿಳಿದಿರಲಿ. ತುಟಿಗುಳ್ಳೆಯ ಬಗೆಯ ವೈರಾಣು ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹುಮಂದಿಗೆ ಅದು ಎಳೆತನದಲ್ಲೇ, ಮನೆಯವರ ಮುದ್ದಿನಿಂದಲೇ ಅಂಟಿರುತ್ತದೆ. ಇನ್ನೊಂದು, 65ನೇ ನಿಯಮದಲ್ಲಿ ಹೇಳಿದ ವಿವರಗಳನ್ನು ಮತ್ತೊಮ್ಮೆ ನೋಡಿ: ಅಲ್ಲಿ ರೋಗದ ಹೆಸರು ಇರಬೇಕೆಂಬ ಮಾತೇ ಇಲ್ಲ. ಔಷಧದ ಹೆಸರು, ಪ್ರಮಾಣ, ರೋಗಿಯ ಗುರುತು, ವೈದ್ಯರ ಸಹಿ, ತಾರೀಖು ಇದ್ದರೆ ಚೀಟಿ ಪೂರ್ಣ. ಪ್ಲೇಗ್ ಪಾಸ್‌ಪೋರ್ಟು ಮೈಯ ಮೇಲೆ ಕಣ್ಣಿಟ್ಟ ಕಾಗದ. ಇಂದಿನ ಚೀಟಿ ಕಾಯಿಲೆಯ ಗುಟ್ಟನ್ನು ಬಿಟ್ಟುಕೊಡದೆಯೇ ಔಷಧಕ್ಕೆ ಮಾತ್ರ ಜವಾಬು ಹೇಳಬಲ್ಲದು.

ಗಡಿನಾಡಿನದೇ ಆದ ತೊಂದರೆಯೊಂದು ಉಳಿಯಿತು. ರಾಯದುರ್ಗದ ಹಳ್ಳಿಯವರು ಬಳ್ಳಾರಿಯಲ್ಲೋ ಮೊಳಕಾಲ್ಮೂರಿನಲ್ಲೋ ತೋರಿಸುತ್ತಾರೆ, ಮಡಕಶಿರಾದವರು ಶಿರಾ, ತುಮಕೂರು, ಬೆಂಗಳೂರಿಗೆ ಹೋಗುತ್ತಾರೆ. ಕರ್ನಾಟಕದ ಡಾಕ್ಟರ ಚೀಟಿ ಆಂಧ್ರದ ಅಂಗಡಿಯಲ್ಲಿ ನಡೆಯುತ್ತದೆಯೇ ಎಂಬ ಅನುಮಾನಕ್ಕೆ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಔಷಧ ಕಾಯ್ದೆ ಕೇಂದ್ರದ್ದು, ಎರಡೂ ಕಡೆ ಒಂದೇ. ಭಾಷೆಯ ಗೆರೆ ಎಳೆದು ರಾಜ್ಯಗಳನ್ನು ಬೇರೆ ಮಾಡಿದ 1956ರ ಕೊನೆಯಲ್ಲೇ ಸಂಸತ್ತು ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆಯನ್ನು ಒಪ್ಪಿ, ದೇಶದ ದಾಖಲೆಯಲ್ಲಿ ಹೆಸರಿರುವ ವೈದ್ಯರು ಎಲ್ಲಿ ಬೇಕಾದರೂ ವೃತ್ತಿ ಮಾಡಬಹುದೆಂದಿತು. 2020ರ ಮಾರ್ಚ್ ತಿಂಗಳ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನಿನಲ್ಲಿ ನೋಡಿ ಕಳಿಸಿದ ಸಹಿಯ ಚೀಟಿಗೂ ಮಾನ್ಯತೆ ಕೊಟ್ಟಿತು. ನಿಜವಾದ ಕೊರತೆ ಇರುವುದು ಬೇರೆ ಕಡೆ: ಹಳ್ಳಿಗಳಲ್ಲಿ ಮೊದಲು ಕೈಗೆ ಸಿಗುವ ಆರ್‌ಎಂಪಿ ಎಂದು ಕರೆಸಿಕೊಳ್ಳುವ ಡಾಕ್ಟರು ಸಾಮಾನ್ಯವಾಗಿ ಯಾವ ಮಂಡಳಿಯಲ್ಲೂ ನೋಂದಾಯಿಸಿಕೊಂಡಿರುವುದಿಲ್ಲ, ಅವರು ಎಷ್ಟೇ ಕೈಗುಣದವರಾಗಲಿ, ಅವರ ಬರಹ ಕಾನೂನಿನ ಕಣ್ಣಿಗೆ ಚೀಟಿಯಲ್ಲ. ಬಿಲ್ಲಿಲ್ಲದೆ ಬಾಯಿಮಾತಿನ ಮೇಲೆ ಮಾರುವ ಅಂಗಡಿಯದೂ ಅದೇ ಪಾಡು. ಹಿಂದೆ ಬೇಡದಿದ್ದರೂ ನಮ್ಮ ಕೈಗೆ ಕಾಗದ ತುರುಕಿದ ಸರ್ಕಾರ, ಈಗ ನಮಗೆ ಬೇಕಾದ ಕಾಗದ ಕೊಡಬಲ್ಲ ವೈದ್ಯರನ್ನು ಮಂಡಲ ಕೇಂದ್ರಗಳಲ್ಲಿ ನಿಲ್ಲಿಸದಿದ್ದರೆ ಅದನ್ನು ಕೇಳುವ ಹಕ್ಕು ನಮಗಿದೆ.

ಆದ್ದರಿಂದ ಹೊರದೇಶಕ್ಕೆ ಹೊರಟಿರುವ ಗಡಿನಾಡಿನವರಲ್ಲಿ ಒಂದು ವಿನಂತಿ. ನೋಂದಾಯಿತ ವೈದ್ಯರಿಂದಲೇ ಚೀಟಿ ಬರೆಸಿರಿ. ಔಷಧದ ಮೂಲ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಲು ಹೇಳಿರಿ, ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿರಿ. ನಮ್ಮ ಕಡೆ ಇನಿಷಿಯಲ್ಲಿನಲ್ಲೇ ಮುಗಿಯುವ ಹೆಸರು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಉದ್ದವಾಗಿರುತ್ತದೆ, ಚೀಟಿಯಲ್ಲೂ ಅದೇ ಹೆಸರು ಬರೆಸಿರಿ. ಕತ್ತರಿಸದ ಪೂರ್ತಿ ಸ್ಟ್ರಿಪ್ಪು ಕೊಳ್ಳಿರಿ, ಬಿಲ್ಲು ಕೇಳಿ ಪಡೆಯಿರಿ, ಎಲ್ಲವನ್ನೂ ಕೈಚೀಲದಲ್ಲಿಡಿರಿ. ಅಂಗಡಿಯವರು ಬಿಲ್ಲು ಯಾಕೆ ಎಂದು ಕೇಳಿದರೆ, ವಿಮಾನಕ್ಕೆ ಬೇಕು ಎಂದು ಹೇಳಿರಿ.